ಬೈಲು ಗದ್ದೆ ಅಡಿಕೆ ತೋಟವಾಗುವಾಗ: ನೀರು ಬಸಿಯದ ಜೇಡಿಮಣ್ಣಿನ ಲೆಕ್ಕಾಚಾರ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಕೃಷಿಭೂಮಿಯನ್ನು ನಮ್ಮ ಹಿರಿಯರು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಮೇಲ್ಮಟ್ಟದ ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಬೆಳೆ ಮಾತ್ರ. ನಡುವಿನ ಮಜಲಿಗೆ ಏಣೆಲು ಮತ್ತು ಸುಗ್ಗಿ. ತಗ್ಗಿನ ಬೈಲಿಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರೂ ಬೆಳೆ. ಈ ವಿಂಗಡಣೆಯು ಕೇವಲ ಎತ್ತರದ ಲೆಕ್ಕವಲ್ಲ. ಮಣ್ಣು ಎಷ್ಟು ಕಾಲ ನೀರನ್ನು ಹಿಡಿದಿಡುತ್ತದೆ ಎಂಬುದರ ಲೆಕ್ಕ. ನೀರನ್ನು ಬಿಟ್ಟುಕೊಡದ ಗುಣವೇ ಬೈಲನ್ನು ಭತ್ತಕ್ಕೆ ಶ್ರೇಷ್ಠ ಭೂಮಿಯನ್ನಾಗಿಸಿತ್ತು. ಅದೇ ಬೈಲಿಗೆ ಇಂದು ಅಡಿಕೆ ಇಳಿಯುತ್ತಿದೆ. ಅದೇ ಗುಣವು ಅಲ್ಲಿ ದೋಷವಾಗಿ ಪರಿಣಮಿಸುತ್ತಿದೆ.

2021ರಲ್ಲಿ ಹಳೆ ಚಾಲಿ ಅಡಿಕೆಯ ಧಾರಣೆ ಕಿಲೋಗೆ 500 ರೂಪಾಯಿ ಮುಟ್ಟಿದ ಬಳಿಕ ಗದ್ದೆಗಳನ್ನು ತೋಟವಾಗಿಸುವ ಕಾರ್ಯ ಇನ್ನಷ್ಟು ಬಿರುಸಾಯಿತು. ಕೂಲಿಯಾಳುಗಳ ಕೊರತೆ, ಕಾಡುಪ್ರಾಣಿಗಳ ಹಾವಳಿ ಮತ್ತು ಭತ್ತದಿಂದ ದೊರೆಯುವ ಅಲ್ಪ ಆದಾಯವನ್ನು ಗಮನಿಸಿದರೆ ರೈತರ ಈ ನಿರ್ಧಾರವನ್ನು ಆಕ್ಷೇಪಿಸಲಾಗದು. ಆದರೆ 2025ರ ಮುಂಗಾರು ಒಂದು ಎಚ್ಚರಿಕೆಯನ್ನು ನೀಡಿತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮೇ ಕೊನೆಯ ವಾರವೆಂದರೆ ತೋಟಗಳಲ್ಲಿ ಕಣಿ ಬಿಡಿಸಿ, ಮೊದಲ ಸುತ್ತಿನ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿಸಬೇಕಾದ ಸಮಯ. ಈ ಎರಡು ಕೆಲಸಗಳಲ್ಲಿ ಒಂದು ತಪ್ಪಿದರೂ ಬೆಟ್ಟಿನ ತೋಟ ಹೇಗೋ ತಾಳಿಕೊಳ್ಳುತ್ತದೆ. ಬೈಲಿನ ತೋಟ ತಾಳಿಕೊಳ್ಳದು. ಕಾರಣ ಮಣ್ಣಿನಲ್ಲಿದೆ.

ಬೈಲಿನ ಮಣ್ಣು ರೂಪುಗೊಂಡ ಬಗೆ

ನಮ್ಮ ಗುಡ್ಡಗಳದು ಮುರಕಲ್ಲಿನ ಮಣ್ಣು. ಅದರಲ್ಲಿ ನೀರು ಬೇಗ ಇಳಿದು ಹೋಗುತ್ತದೆ. ಸಾವಿರಾರು ವರ್ಷಗಳ ಮಳೆಯು ಗುಡ್ಡದ ನಯವಾದ ಕಣಗಳನ್ನು ತೊಳೆದು ತಂದು ತಗ್ಗಿನಲ್ಲಿ ಪದರಪದರವಾಗಿ ಶೇಖರಿಸಿದೆ. ಹೀಗೆ ಶೇಖರವಾದ ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮವಾಗಿದ್ದು, ಅವುಗಳ ನಡುವಿನ ರಂಧ್ರಗಳೂ ಅಷ್ಟೇ ಕಿರಿದು. ನೀರು ಒಳಗೆ ಹೋಗಲು ತಡವಾಗುತ್ತದೆ, ಹೊರಗೆ ಬರಲು ಇನ್ನೂ ತಡವಾಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನಂತೆ ಇದು ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುವುದಿಲ್ಲ. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿಯೂ ಎರೆಮಣ್ಣಿಗಿಂತ ಕಡಿಮೆ. ಅಂದರೆ ಜೇಡಿಯ ತೊಂದರೆ ಪೂರ್ತಿಯಾಗಿ ಇದೆ, ಜೇಡಿಯ ಲಾಭ ಅರ್ಧ ಮಾತ್ರ ಇದೆ.

ಇದರ ಮೇಲೆ ಮನುಷ್ಯನ ಕೈವಾಡವೂ ಸೇರಿದೆ. ತಲೆಮಾರುಗಳ ಕಾಲ ಗದ್ದೆಯನ್ನು ನೀರು ನಿಲ್ಲಿಸಿ ಉತ್ತು, ಕೆಸರು ಮಾಡಿದ್ದರಿಂದ ಸುಮಾರು 15ರಿಂದ 25 ಸೆಂ.ಮೀ. ಆಳದಲ್ಲಿ ಒತ್ತಾದ ಗಟ್ಟಿ ಪದರವೊಂದು ರೂಪುಗೊಂಡಿದೆ. ನೀರು ಇಂಗಿ ಹೋಗದಂತೆ ತಡೆಯಲು ರೈತನೇ ಕಟ್ಟಿಕೊಂಡ ತಳವಿದು. ಭತ್ತಕ್ಕೆ ಅದು ಆಸ್ತಿ. ಅಡಿಕೆಯ ಬೇರಿಗೆ ಅದು ಗೋಡೆ.

ನೀರಿನ ಪ್ರಮಾಣವನ್ನೂ ಒಮ್ಮೆ ಲೆಕ್ಕ ಹಾಕೋಣ. ವರ್ಷಕ್ಕೆ 4000 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 60 ಲಕ್ಷ ಲೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬರುತ್ತದೆ. ಬೈಲಿಗಾದರೋ ತನ್ನ ಮೇಲೆ ಬಿದ್ದ ಮಳೆಯ ಜೊತೆಗೆ ಎರಡೂ ಬದಿಯ ಗುಡ್ಡದ ನೀರು ಮತ್ತು ಒರತೆ ಬಂದು ಸೇರುತ್ತವೆ.

ಮಣ್ಣಿನ ಬಣ್ಣವೇ ಸಾಕ್ಷಿ

ತಮ್ಮ ಬೈಲಿನ ಮಣ್ಣು ಎಷ್ಟು ಕಾಲ ನೀರಿನಲ್ಲಿ ಮುಳುಗಿರುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮಳೆ ನಿಂತ ಬಳಿಕ, ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ, ಮೂರು ಅಡಿ ಆಳದ ಒಂದು ಗುಂಡಿ ತೆಗೆದು ಅದರ ಪಕ್ಕದ ಗೋಡೆಯನ್ನು ಪರಿಶೀಲಿಸಬೇಕು.

ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣದ ಅಂಶವು ಕೆಂಪು ಅಥವಾ ಹಳದಿಯಾಗಿ ಕಾಣುತ್ತದೆ. ನೀರು ನಿಂತು ಆಮ್ಲಜನಕ ತೀರಿದಾಗ ಅದೇ ಕಬ್ಬಿಣವು ಕರಗುವ ರೂಪಕ್ಕೆ ಬದಲಾಗಿ, ಮಣ್ಣು ಬೂದು ಅಥವಾ ನೀಲಿಮಿಶ್ರಿತ ಬೂದು ಬಣ್ಣವನ್ನು ಪಡೆಯುತ್ತದೆ. ಬೂದು ಮಣ್ಣಿನ ನಡುವೆ ಬೇರಿನ ಜಾಡಿನಲ್ಲಿ ತುಕ್ಕುಬಣ್ಣದ ಗೆರೆ, ಚುಕ್ಕೆಗಳಿದ್ದರೆ ನೀರಿನ ಮಟ್ಟ ಅಲ್ಲಿ ಏರಿಳಿಯುತ್ತಿದೆ ಎಂದರ್ಥ. ಚುಕ್ಕೆಗಳೇ ಇಲ್ಲದ ಶುದ್ಧ ಬೂದು ಪದರವಿದ್ದರೆ ಅಲ್ಲಿ ವರ್ಷದ ಬಹುಭಾಗ ನೀರು ನಿಂತಿರುತ್ತದೆ. ಬೂದು ಬಣ್ಣ ಎಷ್ಟು ಆಳದಲ್ಲಿ ಆರಂಭವಾಗುತ್ತದೆಯೋ, ಅಷ್ಟೇ ಆಳ ಅಡಿಕೆಯ ಬೇರಿಗೆ ಸಹಜವಾಗಿ ದೊರೆಯುವ ಜಾಗ. ಅಡಿಕೆಯ ಬೇರುಗಳ ಬಹುಪಾಲು ಮೇಲಿನ ಎರಡು ಮೂರು ಅಡಿಯಲ್ಲೇ ಹರಡುವುದರಿಂದ, ಒಂದೂವರೆ ಅಡಿಯಲ್ಲೇ ಬೂದು ಮಣ್ಣು ಕಂಡರೆ ಬಸಿಗಾಲುವೆಯಿಲ್ಲದೆ ಅಲ್ಲಿ ತೋಟ ನಿಲ್ಲದು.

ಕಣಿಯ ನೀರಿನ ಮೇಲೆ ಎಣ್ಣೆಯಂತಹ ಪೊರೆ, ತಳದಲ್ಲಿ ಕಿತ್ತಳೆ ಬಣ್ಣದ ಲೋಳೆ ಕಾಣುವುದುಂಟು. ಕಡ್ಡಿಯಿಂದ ಕಲಕಿದಾಗ ಪೊರೆಯು ಚೂರುಚೂರಾಗಿ ಒಡೆದರೆ ಅದು ಎಣ್ಣೆಯಲ್ಲ. ಕರಗಿದ ಕಬ್ಬಿಣವು ಗಾಳಿಗೆ ಬಂದು ಸೂಕ್ಷ್ಮಾಣುಗಳ ಕ್ರಿಯೆಯಿಂದ ಉಂಟಾದ ಪೊರೆ. ಇದೂ ಮಣ್ಣಿನೊಳಗೆ ಗಾಳಿಯಾಡುತ್ತಿಲ್ಲ ಎಂಬುದರ ಲಕ್ಷಣವೇ.

ಮೊದಲ ವರ್ಷಗಳ ಭ್ರಮೆ

ಬೈಲಿನಲ್ಲಿ ನೆಟ್ಟ ಅಡಿಕೆ ಮೊದಲ ಮೂರು ನಾಲ್ಕು ವರ್ಷ ಹುಲುಸಾಗಿಯೇ ಬೆಳೆಯುತ್ತದೆ. ಬೇಸಿಗೆಯಲ್ಲಿಯೂ ತೇವವಿರುತ್ತದೆ, ಬುಡಕ್ಕೆ ಏರಿಸಿದ ಮಣ್ಣು ಸಡಿಲವಾಗಿರುತ್ತದೆ, ಬೇರು ಇನ್ನೂ ಗಟ್ಟಿ ಪದರವನ್ನು ತಲುಪಿರುವುದಿಲ್ಲ. ಬೇರು ತಳಕ್ಕೆ ಇಳಿಯುವ ಹೊತ್ತಿಗೆ, ಅಂದರೆ ಫಲ ಬರಬೇಕಾದ ಐದಾರನೇ ವರ್ಷಕ್ಕೆ ಸರಿಯಾಗಿ, ಬೇರಿನ ತುದಿ ಕೊಳೆಯಲಾರಂಭಿಸಿ ಎಲೆ ಹಳದಿಯಾಗುತ್ತದೆ. ಖರ್ಚು ಪೂರ್ತಿಯಾಗಿ ಆಗಿಹೋದ ಮೇಲೆ ತೊಂದರೆ ಕಾಣಿಸಿಕೊಳ್ಳುವುದೇ ಇಲ್ಲಿನ ನಿಜವಾದ ಅಪಾಯ.

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಭಾಗದ ರೈತರಿಗೆ ಈ ಹಳದಿಯು ಇನ್ನೊಂದು ಗೊಂದಲವನ್ನು ತರುತ್ತದೆ. ಅಲ್ಲಿ ಹಳದಿ ಎಲೆ ರೋಗವು ಹಲವು ವರ್ಷಗಳಿಂದ ತೋಟಗಳನ್ನು ಕಾಡುತ್ತಿದೆ. 1914ರಲ್ಲಿ ಕೇರಳದಲ್ಲಿ ಮೊದಲು ಗುರುತಿಸಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಅದನ್ನು ಗುಣಪಡಿಸುವ ಔಷಧವಿಲ್ಲ. ರೋಗದ ಹಳದಿ ತೋಟದಲ್ಲಿ ಅಲ್ಲಲ್ಲಿ ಬಿಡಿ ಮರಗಳಲ್ಲಿ ಆರಂಭವಾಗುತ್ತದೆ. ಹೊರಸುತ್ತಿನ ಎಲೆಗಳ ತುದಿಯಿಂದ ಹಬ್ಬುತ್ತದೆ. ಕ್ರಮೇಣ ಮರದ ತಲೆ ಕಿರಿದಾಗಿ, ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಾಗುತ್ತದೆ. ನೀರು ನಿಲ್ಲುವುದರಿಂದ ಬರುವ ಹಳದಿ ತಗ್ಗಿನ ಜಾಗದ ಮರಗಳಲ್ಲಿ ಗುಂಪಾಗಿ ಕಾಣುತ್ತದೆ. ಕಣಿ ಆಳಗೊಳಿಸಿ ನೀರು ಬಸಿದರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ. ಉಳಿಸಬಹುದಾದ ತೋಟವನ್ನು ರೋಗವೆಂದು ಭಾವಿಸಿ ಕಡಿದುಹಾಕುವುದೂ, ರೋಗದ ತೋಟಕ್ಕೆ ಕಣಿ ಕಡಿಸುತ್ತಾ ಹಣ ಸುರಿಯುವುದೂ ಎರಡೂ ನಷ್ಟವೇ. ಎರಡೂ ಒಂದೇ ತೋಟದಲ್ಲಿ ಇರಬಹುದಾದ್ದರಿಂದ ಕಡಿಯುವ ಮುನ್ನ ತಜ್ಞರಿಂದ ಪರೀಕ್ಷೆ ಮಾಡಿಸುವುದು ಅಗತ್ಯ.

ಅಂತರ ಬೆಳೆಗಳ ಸ್ಥಿತಿಯೂ ಇದೇ. ಕಾಳುಮೆಣಸಿನ ಸೊರಗು ರೋಗದ ಶಿಲೀಂಧ್ರವು ನೀರು ನಿಂತ ಮಣ್ಣಿನಲ್ಲಿಯೇ ಬೇಗ ಹರಡುತ್ತದೆ. ಬೈಲಿನ ತೋಟದಲ್ಲಿ ಅಡಿಕೆ ಉಳಿದರೂ ಬಳ್ಳಿ ಉಳಿಯುವುದು ಕಷ್ಟ.

ಮಣ್ಣು ತುಂಬಿಸುವುದು ಪರಿಹಾರವಲ್ಲ

ಇತ್ತೀಚೆಗೆ ಗುಡ್ಡದ ಕೆಂಪು ಮಣ್ಣನ್ನು ಯಂತ್ರದಿಂದ ಕಡಿದು ತಂದು ಬೈಲಿಗೆ ತುಂಬಿಸುವ ಪದ್ಧತಿ ಬೆಳೆಯುತ್ತಿದೆ. ತಳದ ಗಟ್ಟಿ ಪದರವನ್ನು ಒಡೆಯದೆ ಎರಡು ಅಡಿ ಮಣ್ಣು ಹಾಕಿದರೆ ನೀರು ಆ ಪದರದ ಮೇಲೆಯೇ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಜೊತೆಗೆ, ತುಂಬಿಸಿದ ಜಾಗವು ಮೇಲಿನವರ ನೀರಿಗೆ ಅಡ್ಡಗಟ್ಟೆಯಾಗುತ್ತದೆ. ಎತ್ತರದ ಜಮೀನಿನ ನೀರು ತಗ್ಗಿನ ಜಮೀನಿನತ್ತ ಸಹಜವಾಗಿ ಹರಿದುಹೋಗುವುದನ್ನು ಮೇಲಿನವರ ಹಕ್ಕೆಂದು 1882ರ ಈಸ್‌ಮೆಂಟ್ ಕಾಯ್ದೆ ಗುರುತಿಸಿದೆ. ನೆರೆಯ ಕೇರಳವು ಗದ್ದೆಗಳನ್ನು ತುಂಬಿಸುವುದನ್ನು ನಿಯಂತ್ರಿಸಲು 2008ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಗಡಿಯಾಚೆಯ ಕಾಸರಗೋಡಿನ ಕನ್ನಡಿಗ ರೈತರಿಗೆ ಇದು ತಿಳಿದ ವಿಷಯ. ಕಾನೂನಿನ ಮಾತು ಹಾಗಿರಲಿ. ಬೈಲು ಎಂಬುದು ಒಬ್ಬರ ಜಮೀನಲ್ಲ, ಒಂದೇ ನೀರಿನ ದಾರಿಯನ್ನು ಹಂಚಿಕೊಂಡ ಹಲವು ಮನೆಗಳ ಜಮೀನು. ಮೇಲಿನ ತೋಟದ ಕಣಿ ಎಷ್ಟೇ ಆಳವಾಗಿರಲಿ, ಕೆಳಗಿನ ತೋಡು ಹೂಳು ತುಂಬಿದ್ದರೆ ನೀರು ಹೋಗಲು ಜಾಗವಿಲ್ಲ.

ಬೇಸಿಗೆಗೆಂದು ತೋಡಿಗೆ ಹಾಕುವ ಕಟ್ಟ ಮತ್ತು ಕಿಂಡಿ ಅಣೆಕಟ್ಟುಗಳ ವಿಷಯದಲ್ಲಿಯೂ ಈ ಎಚ್ಚರ ಬೇಕು. ಅವು ಅಂತರ್ಜಲಕ್ಕೆ ಅತ್ಯುಪಯುಕ್ತ. ಆದರೆ ಹಲಗೆಯ ಮಟ್ಟವು ಪಕ್ಕದ ಬೈಲು ತೋಟದ ಕಣಿಯ ತಳಕ್ಕಿಂತ ಮೇಲಿದ್ದರೆ, ಮಳೆಗಾಲ ಮುಗಿದರೂ ಆ ತೋಟದ ಬೇರು ನೀರಿನಲ್ಲೇ ಉಳಿಯುತ್ತದೆ. ಹಲಗೆ ಇಳಿಸುವ ದಿನ ಮತ್ತು ಮಟ್ಟವನ್ನು ಎರಡೂ ದಡದವರು ಕೂಡಿ ನಿರ್ಧರಿಸಬೇಕು.

ಮಣ್ಣು ಪರೀಕ್ಷೆಯ ಒಂದು ಮಿತಿ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಪ್ರದೇಶಕ್ಕೆ 2.5 ಹೆಕ್ಟೇರ್, ಮಳೆಯಾಶ್ರಿತ ಪ್ರದೇಶಕ್ಕೆ 10 ಹೆಕ್ಟೇರ್‌ಗೆ ಒಂದರಂತೆ ಮಾದರಿ ತೆಗೆಯುವ ಕ್ರಮವನ್ನು ಅನುಸರಿಸಲಾಯಿತು. ಬಯಲುಸೀಮೆಗೆ ಇದು ಹೊಂದುತ್ತದೆ. ನಮ್ಮಲ್ಲಿ 2.5 ಹೆಕ್ಟೇರ್‌ನೊಳಗೆ ಬೆಟ್ಟು, ಮಜಲು, ಬೈಲು ಮೂರೂ ಬರಬಹುದು. ಆದ್ದರಿಂದ ಬೈಲಿನ ಮಣ್ಣನ್ನು ಪ್ರತ್ಯೇಕವಾಗಿ ತೆಗೆದು ಪರೀಕ್ಷೆಗೆ ಕೊಡಬೇಕು. ನೀರು ನಿಂತ ಆಮ್ಲೀಯ ಮಣ್ಣಿನ ರಸಸಾರ ತಾತ್ಕಾಲಿಕವಾಗಿ ತಟಸ್ಥ ಮಟ್ಟದತ್ತ ಏರುತ್ತದೆ. ಬಸಿದು ಒಣಗಿದಾಗ ಮತ್ತೆ ಹುಳಿಯಾಗುತ್ತದೆ. ಗದ್ದೆಯಾಗಿದ್ದಾಗ ಕಾಣದ ಹುಳಿ ತೋಟವಾದ ಮೇಲೆ ಕಾಣುವುದು ಈ ಕಾರಣದಿಂದಲೇ. ಸುಣ್ಣದ ಪ್ರಮಾಣವನ್ನು ಒಣಗಿಸಿದ ಮಾದರಿಯ ಪರೀಕ್ಷೆಯ ಆಧಾರದ ಮೇಲೆಯೇ ನಿಗದಿಪಡಿಸಬೇಕು.

ಕೈಗೊಳ್ಳಬೇಕಾದ ಕ್ರಮಗಳು

1. ಬೈಲಿನ ನೀರು ಹೊರಹೋಗುವ ತೋಡಿನ ತಳವನ್ನು ಮೊದಲು ಅಳೆಯಿರಿ. ತೋಟದ ಕಣಿಯ ತಳವು ಅದಕ್ಕಿಂತ ಮೇಲಿರಲು ಸಾಧ್ಯವಿಲ್ಲವಾದರೆ ಆ ಭಾಗದಲ್ಲಿ ಅಡಿಕೆ ನೆಡಬೇಡಿ.

2. ಗಟ್ಟಿ ಪದರವನ್ನು ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ ಒಡೆಯಿರಿ. ಹಸಿ ಜೇಡಿಯ ಮೇಲೆ ಯಂತ್ರ ಓಡಿಸಿದರೆ ಮಣ್ಣು ಇನ್ನಷ್ಟು ಒತ್ತಾಗುತ್ತದೆ.

3. ಜೇಡಿಮಣ್ಣಿನಲ್ಲಿ 90 ಸೆಂ.ಮೀ. ಗುಂಡಿಯ ಬದಲು 60 ಸೆಂ.ಮೀ. ಆಳದ ಗುಂಡಿ ಸಾಕು. ಎರಡು ಸಾಲಿಗೊಂದು ಕಣಿಯಿರಲಿ. ಅದರ ತಳ ಗುಂಡಿಗಿಂತ 15ರಿಂದ 30 ಸೆಂ.ಮೀ. ಆಳವಿರಲಿ. 2.7 ಮೀಟರ್ ಅಂತರದ ತೋಟದಲ್ಲಿ ಇದು ಎಕರೆಗೆ ಸುಮಾರು 750 ಮೀಟರ್ ಕಣಿಯಾಗುತ್ತದೆ. ಈ ಖರ್ಚನ್ನು ಗಿಡದ ಖರ್ಚಿನೊಂದಿಗೆ ಆರಂಭದಲ್ಲೇ ಸೇರಿಸಿ ಲೆಕ್ಕ ಹಾಕಿರಿ.

4. ಕಣಿ ಬಿಡಿಸುವ ಕೆಲಸವನ್ನು ಮೇ ಕೊನೆಗೆ ಇಟ್ಟುಕೊಳ್ಳದೆ ಏಪ್ರಿಲ್‌ನಲ್ಲೇ ಮುಗಿಸಿರಿ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಯನ್ನು ಮಳೆ ಹಿಡಿಯುವ ಮುನ್ನ, ಎರಡನೆಯದನ್ನು 40ರಿಂದ 45 ದಿನಗಳ ನಂತರ ಮಾಡಿರಿ.

5. ನೀರು ನಿಂತಿರುವಾಗ ಯೂರಿಯಾ ಹಾಕಬೇಡಿ. ಸಾರಜನಕವು ಅನಿಲವಾಗಿ ನಷ್ಟವಾಗುತ್ತದೆ. ಶಿಫಾರಸಿನ ಗೊಬ್ಬರವನ್ನು ಎರಡು ಕಂತಿನಲ್ಲಿ, ಮಣ್ಣು ಬಸಿದ ನಂತರವೇ ಕೊಡಿರಿ.

6. ಬೈಲಿನ ಅತಿ ತಗ್ಗಿನ ಭಾಗವನ್ನು ಭತ್ತಕ್ಕೇ ಬಿಡುವುದು ಹಿನ್ನಡೆಯಲ್ಲ. ಕೆಲವು ದಿನಗಳ ಮುಳುಗಡೆಯನ್ನು ತಾಳಿಕೊಳ್ಳುವ ಸಹ್ಯಾದ್ರಿ ಪಂಚಮುಖಿ ಕೆಂಪಕ್ಕಿ ತಳಿಯು ಇಂತಹ ಜಾಗಕ್ಕೆಂದೇ ಸೂಕ್ತವಾದುದು. ಆ ಗದ್ದೆಯು ಮೇಲಿನ ತೋಟದ ನೀರನ್ನು ಸ್ವೀಕರಿಸಿ, ಸುತ್ತಲಿನ ಬಾವಿಗಳನ್ನು ಕಾಯುತ್ತದೆ.

ಅಡಿಕೆ ತೋಟವೆಂದರೆ ಮುಂದಿನ ತಲೆಮಾರಿಗೂ ಉಳಿಯಬೇಕಾದ ಹೂಡಿಕೆ. ಧಾರಣೆಯು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಬೈಲಿನ ಜೇಡಿಮಣ್ಣು ತನ್ನ ಗುಣವನ್ನು ಬದಲಿಸಿಕೊಳ್ಳುವುದಿಲ್ಲ. ಗಿಡಕ್ಕೆ ಮುಂಗಡ ಕೊಡುವ ಮುನ್ನ ಮೂರು ಅಡಿಯ ಒಂದು ಗುಂಡಿ ತೆಗೆದು ನೋಡಿರಿ; ಸಂದೇಹವಿದ್ದಲ್ಲಿ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ಸಂಪರ್ಕಿಸಿರಿ. ಆ ಗುಂಡಿಗೆ ತಗಲುವುದು ಅರ್ಧ ದಿನದ ಕೂಲಿ ಮಾತ್ರ.