ಹಾರುವವರು ಒಬ್ಬರು, ಕಾಯುವವರು ಒಬ್ಬರು

ವಿಜಯಪುರದಿಂದ ತಿಕೋಟಾಕ್ಕಾಗಲಿ ಬಬಲೇಶ್ವರಕ್ಕಾಗಲಿ ಬಸ್ಸು ಹತ್ತಿದರೆ ತಾಸಿನೊಳಗೆ ಮುಟ್ಟಬಹುದು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಮಳೆಕಾಡಿನಲ್ಲಿ ಇಷ್ಟೇ ದೂರಕ್ಕೆ ದಿನಗಟ್ಟಲೆ ನಡೆಯಬೇಕಿತ್ತು. 1948ರಲ್ಲಿ ನೇಟ್ ಸೇಂಟ್ ಮತ್ತು ಮಾರ್ಜ್ ಎಂಬ ಅಮೆರಿಕನ್ ದಂಪತಿ ಅಲ್ಲಿಗೆ ಬಂದರು. ಅವರನ್ನು ಕಳಿಸಿದ್ದು, 1945ರಲ್ಲಿ ಹುಟ್ಟಿ ಮುಂದೆ ‘ಮಿಷನ್ ಏವಿಯೇಷನ್ ಫೆಲೋಶಿಪ್’ ಎಂದು ಹೆಸರಾದ ಕ್ರೈಸ್ತ ವಿಮಾನ ಸೇವಾಸಂಸ್ಥೆ.

ಗಂಡ ಪುಟ್ಟ ವಿಮಾನದಲ್ಲಿ ಔಷಧ, ದಿನಸಿ, ರೋಗಿಗಳನ್ನು ಸಾಗಿಸುತ್ತಿದ್ದರು. ನರ್ಸ್ ತರಬೇತಿ ಪಡೆದಿದ್ದ ಹೆಂಡತಿ ಮನೆಯಲ್ಲೇ ರೇಡಿಯೋ ಮುಂದೆ ಕುಳಿತು, ವಿಮಾನ ಎಲ್ಲಿದೆಯೆಂದು ವಿಚಾರಿಸುತ್ತಿದ್ದರು.

ಇಳಿಯಲು ಜಾಗವಿಲ್ಲದ ಕಡೆ ನೇಟ್ ಒಂದು ಉಪಾಯ ಹೂಡಿದರು. ವಿಮಾನದಿಂದ ಉದ್ದನೆಯ ಹಗ್ಗಕ್ಕೆ ಬಕೆಟ್ಟು ಕಟ್ಟಿ ಇಳಿಬಿಟ್ಟು, ಒಂದೇ ಕಡೆ ಸುತ್ತು ಹಾಕುವುದು. ಗಾಳಿಯ ತಡೆಯಿಂದ ಬಕೆಟ್ಟು ಹಿಂದುಳಿದು, ವೃತ್ತದ ನಡುವಿಗೆ ಸರಿದು, ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಕೆಳಗಿನವರು ಕೈಚಾಚಿ ಸಾಮಾನು ತೆಗೆದುಕೊಳ್ಳಬಹುದು!

ಹೊರಗಿನವರ ಸಂಪರ್ಕಕ್ಕೆ ಬಾರದಿದ್ದ ವವೊರಾನಿ ಬುಡಕಟ್ಟಿನವರಿಗೂ ಹೀಗೆಯೇ ಕಾಣಿಕೆ ಇಳಿಸಿ, ಕೊನೆಗೆ ಹತ್ತಿರದ ನದಿಯ ಮರಳದಂಡೆಯಲ್ಲಿ ನೇಟ್ ವಿಮಾನವನ್ನೇ ಇಳಿಸಿದರು. 1956ರ ಜನವರಿ 8ರಂದು ಅವರೂ ನಾಲ್ವರು ಸಂಗಡಿಗರೂ ಅಲ್ಲಿ ಈಟಿಗೆ ಬಲಿಯಾದರು. ಸಂಜೆ ನಾಲ್ಕೂವರೆಗೆ ಬರಬೇಕಿದ್ದ ರೇಡಿಯೋ ಕರೆ ಮಾರ್ಜ್ ಅವರಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಬ್ಬ ಪೈಲಟ್ ಹುಡುಕಲು ಹೊರಟರು.

ಪೈಲಟ್ ಆಗುವ ಕನಸಿನ ಮಕ್ಕಳೇ, ಮೇಲಷ್ಟೇ ನೋಡಬೇಡಿ. ನೆಲದ ಮೇಲೆ ಕಿವಿಗೊಟ್ಟು ಕುಳಿತವರಿದ್ದರೇನೇ ವಿಮಾನ ನಿಶ್ಚಿಂತೆಯಿಂದ ಹಾರುವುದು.