ನಡೆಯದ ಮುಷ್ಕರದ ಋಣ



ಜಗಳವೊಂದು ಮನೆಯ ಬಾಗಿಲಿನವರೆಗೆ ಬಂದು ಹಿಂದಿರುಗಿತೆಂದರೆ ಗೃಹಸ್ಥನಿಗೆ ಆಗುವ ಸಮಾಧಾನವು ಅಷ್ಟಿಷ್ಟಲ್ಲ. ೨೦೨೪ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳಿಗೆ ಅಂತಹ ಸಮಾಧಾನವೊಂದು ದೊರೆಯಿತು. ಆ ತಿಂಗಳಿನ ೨೯ನೆಯ ದಿನದಿಂದ ಅನಿರ್ದಿಷ್ಟ ಕಾಲದ ಮುಷ್ಕರವನ್ನು ಹೂಡುವೆವೆಂದು ರಾಜ್ಯದ ಸರಕಾರೀ ನೌಕರರು ಸಾರಿದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕರು ಮೊದಲ್ಗೊಂಡು ಪದವಿಪೂರ್ವ ಕಾಲೇಜಿನ ಉಪನ್ಯಾಸಕರವರೆಗೆ ಎಲ್ಲರೂ ಆ ಸಮೂಹಕ್ಕೆ ಸೇರಿದವರೇ. ಆದರೆ ೧೫ನೆಯ ತಾರೀಖಿನಂದೇ ಮಂತ್ರಿಮಂಡಲವು ಏಳನೆಯ ವೇತನ ಆಯೋಗದ ಶಿಫಾರಸನ್ನು ಆಗಸ್ಟ್ ೧ರಿಂದ ಜಾರಿಗೆ ತರುವುದೆಂದು ನಿಶ್ಚಯಿಸಿತು. ೧೭,೦೦೦ ರೂಪಾಯಿಗಳಿದ್ದ ಕನಿಷ್ಠ ಮೂಲವೇತನವು ೨೭,೦೦೦ಕ್ಕೆ ಏರಿತು. ಮುಷ್ಕರವು ನಡೆಯಲಿಲ್ಲ. ಶಾಲೆಯ ಗಂಟೆಯು ಎಂದಿನಂತೆ ಬಾರಿಸಿತು. ನಿವೃತ್ತನಾದ ನನ್ನ ವಿಶ್ರಾಂತಿವೇತನವೂ ಏರಿತೆಂಬುದನ್ನು ಮರೆಮಾಚತಕ್ಕದ್ದಲ್ಲ.

ಆ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಹೊಸನಗರದ ಮಳೆಯನ್ನು ಬಲ್ಲವರಿಗೆ ಅವನ ಕೊಡೆಯ ಸ್ಥಿತಿಯನ್ನು ವರ್ಣಿಸಬೇಕಾದುದಿಲ್ಲ. ಅವನು ಇತಿಹಾಸದಲ್ಲಿ ಎಂ.ಎ. ಪದವಿಯನ್ನು ಪಡೆದು, ಸರಕಾರೀ ಪ್ರಥಮದರ್ಜೆ ಕಾಲೇಜೊಂದರಲ್ಲಿ ಹನ್ನೆರಡು ವರ್ಷಗಳಿಂದ ಅತಿಥಿ ಉಪನ್ಯಾಸಕನಾಗಿರುವನು. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವಾಗ ನಾನು, “ಅಂತೂ ಮುಷ್ಕರ ತಪ್ಪಿತಲ್ಲ, ಒಳ್ಳೆಯದಾಯಿತು” ಎಂದೆನು. ಅವನು ನಕ್ಕು, “ಹೌದು ಮೇಷ್ಟರೇ, ನಿಮ್ಮದು ನಡೆಯದೆಯೇ ಗೆದ್ದಿತು; ನಮ್ಮದು ಎರಡು ಸಲ ನಡೆದರೂ ನಾವು ಅತಿಥಿಗಳಾಗಿಯೇ ಉಳಿದೆವು” ಎಂದನು. ಆ ಮಾತಿನಲ್ಲಿ ದ್ವೇಷವಿರಲಿಲ್ಲ. ಆದಕಾರಣವೇ ಅದು ನನ್ನ ಮನಸ್ಸನ್ನು ಹೆಚ್ಚಾಗಿ ನಾಟಿತು.

ಅವನು ಹೇಳಿದ ಸಂಗತಿಯು ರಾಜ್ಯಕ್ಕೆಲ್ಲ ತಿಳಿದುದೇ ಆಗಿದೆ. ೨೦೨೧ನೆಯ ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿದರು. ಆಗ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು ೧೧ ಇಲ್ಲವೆ ೧೩ ಸಾವಿರ ರೂಪಾಯಿ. ೨೦೨೨ನೆಯ ಜನವರಿಯಲ್ಲಿ ಸರಕಾರವು ಅದನ್ನು, ವಿದ್ಯಾರ್ಹತೆಗೂ ಸೇವಾವಧಿಗೂ ಅನುಸಾರವಾಗಿ, ೨೬ರಿಂದ ೩೨ ಸಾವಿರದವರೆಗೆ ಏರಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ ವಾರಕ್ಕೆ ಎಂಟು ಹತ್ತು ಗಂಟೆಗಳಿದ್ದ ಪಾಠವು ಅದರೊಡನೆ ಹದಿನೈದು ಗಂಟೆಗಳಾಯಿತು. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಮಾಡತೊಡಗಿದರೆ ಮತ್ತೊಬ್ಬನ ಗತಿಯೇನೆಂಬ ಲೆಕ್ಕವನ್ನು ನಾಲ್ಕನೆಯ ತರಗತಿಯ ಬಾಲಕನೂ ಮಾಡಬಲ್ಲನು. ತನ್ನ ಪಕ್ಕದ ಕುರ್ಚಿಯ ಗೆಳೆಯನು ಆ ವರ್ಷ ಹೀಗೆ ಹೊರಬಿದ್ದನೆಂದು ಶಿಷ್ಯನು ಹೇಳಿದನು. ೨೦೨೩ರ ನವೆಂಬರಿನಲ್ಲಿ ಅವರು ಸೇವೆಯನ್ನು ಖಾಯಂಗೊಳಿಸಬೇಕೆಂದು ಮತ್ತೆ ಮುಷ್ಕರ ಹೂಡಿದರು. ೨೦೨೪ರ ಹೊಸ ವರ್ಷದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಹೋದರು. ಗೌರವಧನವು ೫ರಿಂದ ೮ ಸಾವಿರದಷ್ಟು ಹೆಚ್ಚಿತು. ಬೇಡಿದ ಮುಖ್ಯ ವಸ್ತುವು ಮಾತ್ರ ಕೈಗೆ ಬರಲಿಲ್ಲ.

ಸಂಸ್ಕೃತವನ್ನು ಓದಿದವನಾದುದರಿಂದ ನನಗೆ ಶಬ್ದಗಳ ಮೇಲೆ ದೃಷ್ಟಿ ಹೆಚ್ಚು. ಯಾವನ ವಾಸವು ಸ್ಥಿರವಲ್ಲವೋ, ಯಾವನು ಒಂದು ರಾತ್ರಿ ತಂಗಿ ಹೊರಡುವನೋ, ಅವನೇ ಅತಿಥಿಯೆಂದು ಮನುಸ್ಮೃತಿಯು ಹೇಳುವುದು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು, ಆ ಮನೆಯ ಮಕ್ಕಳನ್ನೆಲ್ಲ ತಿದ್ದಿ ಬೆಳೆಸಿದವನನ್ನು ಇಂದಿಗೂ ಅತಿಥಿಯೆಂದು ಕರೆಯುವುದು ಶಬ್ದಕ್ಕೂ ಅಪಚಾರ, ಮನುಷ್ಯನಿಗೂ ಅಪಚಾರ. ತೈತ್ತಿರೀಯೋಪನಿಷತ್ತಿನಲ್ಲಿ ವಿದ್ಯೆ ಮುಗಿಸಿದ ಶಿಷ್ಯನಿಗೆ ದೇವರಂತೆ ಕಾಣತಕ್ಕವರನ್ನು ಹೇಳುವಲ್ಲಿ ತಾಯಿತಂದೆಗಳ ತರುವಾಯ ಆಚಾರ್ಯನೂ ಅತಿಥಿಯೂ ಒಬ್ಬರ ಹಿಂದೊಬ್ಬರು ಬರುವರು. ಆಚಾರ್ಯನೂ ಆಗಿ ಅತಿಥಿಯೂ ಆಗಿರುವವನಿಗೆ ಇಮ್ಮಡಿ ಗೌರವವು ಸಲ್ಲಬೇಕಾಗಿದ್ದಿತು. ಸಲ್ಲುತ್ತಿರುವುದಾದರೋ, ಬೇಸಗೆಯ ರಜೆ ಬಂದೊಡನೆ ನಿಂತುಹೋಗುವ ಸಂಬಳ.

ಗುರುವಾದವನು ಹಣಕ್ಕಾಗಿ ಪಾಠ ನಿಲ್ಲಿಸಬಹುದೇ ಎಂದು ಕೆಲವು ಗೃಹಸ್ಥರು ಕೇಳುವರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಜೀವನೋಪಾಯಕ್ಕಾಗಿ ಪಾಠ ಹೇಳುವವನನ್ನು ನಮ್ಮ ಹಿರಿಯರು ತಿರಸ್ಕರಿಸಲಿಲ್ಲ. ಅವನಿಗೆ ಉಪಾಧ್ಯಾಯನೆಂಬ ಹೆಸರನ್ನಿತ್ತರು. ಹೊಟ್ಟೆಗಿಲ್ಲದೆ ಕಲಿಸೆಂಬುದು ಶಾಸ್ತ್ರವಲ್ಲ, ಕೊಡಬೇಕಾದವರ ಅನುಕೂಲ. ಅತ್ತ ಮುಷ್ಕರದ ನಷ್ಟವೂ ಸುಳ್ಳಲ್ಲ. ನಿಟ್ಟೂರು, ಸಂಪೆಕಟ್ಟೆಗಳ ಕಡೆಯ ಒಂಟಿಮನೆಗಳಿಂದ ಕಾಡುದಾರಿಯಲ್ಲಿ ನಡೆದು, ಬಸ್ಸು ಹಿಡಿದು, ನೆನೆದ ಬಟ್ಟೆಯಲ್ಲಿ ಕಾಲೇಜಿಗೆ ಬರುವ ಹುಡುಗಿಗೆ ಪಾಠವಿಲ್ಲದ ಒಂದು ದಿನವೆಂದರೆ ಆ ದಿನದ ಶ್ರಮವೆಲ್ಲ ವ್ಯರ್ಥ. ಹೀಗೆ ತಿಂಗಳುಗಟ್ಟಲೆ ನಡೆದರೆ, “ಇನ್ನು ಓದು ಸಾಕು” ಎಂಬ ಮಾತು ಮನೆಯಲ್ಲಿ ಹುಟ್ಟುವುದು. ಇದನ್ನು ಕುರಿತು ನನ್ನ ಶಿಷ್ಯನೇ, “ಬೇಡಿಕೆಯ ಫಲಕ ಹಿಡಿದು ನಿಂತಾಗ ನನ್ನ ವಿದ್ಯಾರ್ಥಿಗಳು ಎದುರಿಗೆ ಬಂದರೆ ತಲೆ ತಗ್ಗಿಸುತ್ತಿದ್ದೆ” ಎಂದನು.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ೨೦೨೩ನೆಯ ಮಾರ್ಚಿ ೧ರಂದು ನೌಕರರ ಮುಷ್ಕರವು ಬೆಳಗ್ಗೆ ಆರಂಭವಾಗಿ, ಶೇಕಡಾ ೧೭ರ ಮಧ್ಯಂತರ ಪರಿಹಾರದ ಆಜ್ಞೆಯು ಹೊರಡಲಾಗಿ, ಅದೇ ದಿನ ನಿಂತಿತಷ್ಟೆ. ಆಗ ನಾನು ಇನ್ನೂ ಕೆಲಸದಲ್ಲಿದ್ದು ಮುಷ್ಕರಕ್ಕೆ ಸಹಿ ಹಾಕಿದ್ದೆನು. ನಮ್ಮ ಶಾಲೆಯ ಅತಿಥಿ ಶಿಕ್ಷಕಿಯೊಬ್ಬರು, “ಈ ಬೇಡಿಕೆಗಳಲ್ಲಿ ನಮ್ಮ ವಿಷಯವೇನಾದರೂ ಇದೆಯೇ ಸಾರ್?” ಎಂದು ಮೆಲ್ಲಗೆ ಕೇಳಿದರು. “ಮೊದಲು ಇದಾಗಲಿ, ಆಮೇಲೆ ನೋಡೋಣ” ಎಂದುತ್ತರಿಸಿದೆನು. ನಮ್ಮದಾಯಿತು. ಆಮೇಲೆ ನಾನೇನನ್ನೂ ನೋಡಲಿಲ್ಲ. ಮರುದಿನ ಅವರೇ ನನಗಿಂತ ಮೊದಲು ಬಂದು ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದರು.

ನಮ್ಮ ಸೀಮೆಯ ಕಾಲೇಜುಗಳು ಸೇರಿರುವ ವಿಶ್ವವಿದ್ಯಾನಿಲಯಕ್ಕೆ ತೀರ್ಥಹಳ್ಳಿಯ ಸೀಮೆಯವರೇ ಆದ ಕುವೆಂಪು ಅವರ ಹೆಸರಿರುವುದು ನಮಗೆಲ್ಲ ಹೆಮ್ಮೆ. ಅವರು ೧೯೨೯ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿ, ೧೯೫೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕೆಳಗಿನ ಮೆಟ್ಟಿಲ ಮೇಲೆ ನಿಂತವನಿಗೆ ಮೇಲಿನ ಮೆಟ್ಟಿಲು ಕಾಣುತ್ತಿದ್ದ ಕಾಲವದು. ಇಂದು ಅತಿಥಿಯಾಗಿ ಒಳಹೊಕ್ಕವನು ಎಷ್ಟೇ ಓದಿದರೂ ಅತಿಥಿಯಾಗಿಯೇ ಅರುವತ್ತನ್ನು ಮುಟ್ಟಬೇಕಾದರೆ, ನಾಳೆ ಬುದ್ಧಿವಂತ ಹುಡುಗರಲ್ಲಿ ಯಾರು ತಾನೇ ಅಧ್ಯಾಪಕವೃತ್ತಿಯನ್ನು ಬಯಸುವರು?

ಆದಕಾರಣ, ವಾಚಕರೇ, ಮುಷ್ಕರವೊಂದು ತಪ್ಪಿತೆಂದು ಕೇಳಿದಾಗ ಸಂತೋಷಪಡೋಣ. ಆದರೆ ಅಷ್ಟಕ್ಕೇ ನಿಲ್ಲದೆ, ಈ ಒಪ್ಪಂದದ ಹೊರಗೆ ಉಳಿದವರಾರೆಂದು ಒಂದು ಮಾತು ಕೇಳೋಣ. ಬಲವುಳ್ಳವನ ಮುಷ್ಕರವು ಬರಿಯ ಎಚ್ಚರಿಕೆಯಿಂದ ಗೆಲ್ಲುವುದು. ಬೀದಿಯಲ್ಲಿ ಕುಳಿತುಕೊಳ್ಳಬೇಕಾಗುವುದು ಬಲವಿಲ್ಲದವನಿಗೇ. ನಡೆಯದೆ ಗೆದ್ದ ಮುಷ್ಕರವು ಗೆದ್ದವರ ತಲೆಯ ಮೇಲೆ ಒಂದು ಋಣವನ್ನು ಹೊರಿಸುವುದು. ಅದನ್ನು ತೀರಿಸುವ ದಾರಿಯು ಒಂದೇ: ಮುಂದಿನ ಸಲ ಬೇಡಿಕೆಗಳ ಪಟ್ಟಿಯನ್ನು ಬರೆಯುವಾಗ ಪಕ್ಕದ ಕುರ್ಚಿಯವನ ಬೇಡಿಕೆಯನ್ನು ಮೊದಲು ಬರೆಯುವುದು. ನಿವೃತ್ತನಾದ ನನ್ನ ಕೈಯಲ್ಲಿ ಈಗ ಸಹಿಯ ಬಲವಿಲ್ಲ. ಈ ನಾಲ್ಕು ಸಾಲುಗಳನ್ನು ಬರೆದಿರುವೆನು.

ಶಿಷ್ಯನು ಕೊನೆಯ ಬಸ್ಸಿಗೆಂದು ಎದ್ದನು. ಮಳೆ ನಿಲ್ಲಲಿ, ಇದ್ದು ಹೋಗೆಂದರೆ ಒಪ್ಪಲಿಲ್ಲ. ಬೆಳಗ್ಗೆ ಮೊದಲ ಗಂಟೆಯೇ ಅವನ ಪಾಠವಂತೆ.