ಸೈಕಲ್ ತುಳಿದರೆ ಮೊಣಕಾಲು ಸವೆಯುತ್ತದೆಯೇ? ಮೊಣಕಾಲು ಕೆಟ್ಟ ಮೇಲೆ ಸೈಕಲ್ ಹತ್ತಿ ವಿಶ್ವ ಚಾಂಪಿಯನ್ ಆದವರ ಕಥೆ

‘ಸೈಕಲ್ ಜಾಸ್ತಿ ತುಳಿದರೆ ಮೊಣಕಾಲಿನ ಗ್ರೀಸ್ ಖಾಲಿಯಾಗುತ್ತದೆ’, ‘ಮೈನೆರೆದ ಹುಡುಗಿಯರು ಸೈಕಲ್ ತುಳಿದರೆ ಮುಂದೆ ಮಕ್ಕಳಾಗುವುದು ಕಷ್ಟ’, ‘ವಯಸ್ಸು ಇಪ್ಪತ್ತೈದು ದಾಟಿದ ಮೇಲೆ ಹೊಸದಾಗಿ ಆಟೋಟ ಶುರು ಮಾಡಬಾರದು’. ಇಂಥ ಮಾತುಗಳು ಮೊದಲು ಕಟ್ಟೆಯ ಮೇಲೆ ಕೇಳಿಬರುತ್ತಿದ್ದವು. ಈಗ ವಾಟ್ಸಾಪ್‌ನಲ್ಲಿ, ವೈದ್ಯರ ಫೋಟೋ ಅಂಟಿಸಿಕೊಂಡು ಬರುತ್ತವೆ. ನಿಮಗೂ ಬಂದಿರಬಹುದು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಇದನ್ನು ಬರಿ ಹರಟೆ ಎಂದು ಬಿಡುವಂತಿಲ್ಲ. ಎಷ್ಟೋ ಊರುಗಳಲ್ಲಿ ಪ್ರಾಥಮಿಕ ಶಾಲೆ ಮಾತ್ರ ಇದೆ, ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ಬಸ್ಸಿನ ಸಮಯಕ್ಕೂ ಶಾಲೆಯ ಗಂಟೆಗೂ ಹೊಂದದ ಕಡೆ, ಸೈಕಲ್ ಮನೆಯ ಹೊರಗೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ ಹುಡುಗಿ ಒಂಬತ್ತನೇ ತರಗತಿಗೆ ಹೋಗುವುದು ನಿಂತಿರುತ್ತದೆ. ಆದ್ದರಿಂದ ಈ ಸಂದೇಶಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಅದಕ್ಕೆ ಒಬ್ಬ ಡಚ್ ಸೈಕ್ಲಿಸ್ಟ್ ಅವರ ವೃತ್ತಿಜೀವನ ಒಳ್ಳೆಯ ದಾರಿ.

ಅನೆಮೀಕ್ ವಾನ್ ವ್ಲೂಟನ್ ಹುಟ್ಟಿದ್ದು 1982ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಅವರು ಚಿಕ್ಕಂದಿನಿಂದ ರೇಸ್ ಸೈಕಲ್ ಓಡಿಸಿದವರಲ್ಲ. ಆಡುತ್ತಿದ್ದುದು ಫುಟ್‌ಬಾಲ್, ಓದಿದ್ದು ವಾಖನಿಂಗನ್ ವಿಶ್ವವಿದ್ಯಾಲಯದಲ್ಲಿ. ಫುಟ್‌ಬಾಲ್ ಆಡುತ್ತ ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ, ಕಾಲಿಗೆ ಕಡಿಮೆ ಹೊರೆಯ ವ್ಯಾಯಾಮವೆಂದು ಸೈಕಲ್ ಹತ್ತಿದರು. ಆಗ ವಯಸ್ಸು ಇಪ್ಪತ್ತರ ನಡುವನ್ನು ಮುಟ್ಟಿತ್ತು. 2011ರಲ್ಲಿ ಬೆಲ್ಜಿಯಂನ ಪ್ರಸಿದ್ಧ ‘ಟೂರ್ ಆಫ್ ಫ್ಲಾಂಡರ್ಸ್’ ಗೆದ್ದರು. ಅಂದರೆ ಮೊಣಕಾಲು ಕೆಟ್ಟಿದ್ದಕ್ಕೇ ಅವರು ಈ ಆಟಕ್ಕೆ ಬಂದದ್ದು, ಫಾರ್ವರ್ಡ್ ಹೇಳುವುದಕ್ಕೆ ಸರಿಯಾಗಿ ಉಲ್ಟಾ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇಳಿಜಾರಿನಲ್ಲಿ ಮುಂದೆ ಹೋಗುತ್ತಿದ್ದಾಗ ಬಿದ್ದರು. ಬೆನ್ನುಮೂಳೆಯಲ್ಲಿ ಮೂರು ಕಡೆ ಬಿರುಕು, ತಲೆಗೂ ಪೆಟ್ಟು. ಸುಮಾರು ಒಂದು ತಿಂಗಳಲ್ಲಿ ಮತ್ತೆ ರೇಸಿಗೆ ಬಂದರು. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿದ್ದಾಗ ಮೊಣಕಾಲಿನ ಕೆಳಗಿನ ಮೂಳೆಯೇ ಮುರಿಯಿತು, ಆದರೂ ತುಳಿದು ಏಳನೆಯವರಾಗಿ ಮುಗಿಸಿದರು. ಮರುವರ್ಷ ಅದೇ ಚಾಂಪಿಯನ್‌ಷಿಪ್‌ನಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಒಬ್ಬರೇ ಮುಂದೆ ಹೋಗಿ ಗೆದ್ದರು. 2022ರಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆದ್ದು, ಅದೇ ವರ್ಷ ಮೊಣಕೈ ಮೂಳೆ ಮುರಿದುಕೊಂಡೇ ಮತ್ತೊಮ್ಮೆ ವಿಶ್ವ ಚಾಂಪಿಯನ್ ಆದಾಗ ಅವರಿಗೆ 39 ವರ್ಷ. 2023ರಲ್ಲಿ ನಿವೃತ್ತರಾದರು. (ಮುರಿದ ಮೂಳೆಯಲ್ಲಿ ಸೈಕಲ್ ತುಳಿಯುವುದನ್ನು ನಾವು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಅವರ ಹಿಂದೆ ವೈದ್ಯರ ತಂಡವೇ ಇತ್ತು.)

ಒಬ್ಬರ ಕಥೆಯಿಂದ ಎಲ್ಲರ ಮೊಣಕಾಲಿನ ಬಗ್ಗೆ ತೀರ್ಮಾನಿಸುವಂತಿಲ್ಲ. ಹಾಗೆ ಮಾಡಿದರೆ ನಮಗೂ ಫಾರ್ವರ್ಡ್ ಬರೆಯುವವರಿಗೂ ವ್ಯತ್ಯಾಸವಿರುವುದಿಲ್ಲ. ಹಾಗಾಗಿ ಕೀಲಿನೊಳಗೆ ಏನಾಗುತ್ತದೆ ನೋಡೋಣ.

ಜನ ‘ಗ್ರೀಸ್’ ಎನ್ನುವುದು ಎರಡು ವಸ್ತುಗಳನ್ನು ಸೇರಿಸಿ. ಒಂದು, ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ. ಇನ್ನೊಂದು, ಕೀಲಿನೊಳಗಿನ ಜಾರು ದ್ರವ. ಈ ದ್ರವ ಡಬ್ಬಿಯಲ್ಲಿ ತುಂಬಿಟ್ಟ ಗ್ರೀಸಿನಂತೆ ಮುಗಿಯುವುದಲ್ಲ, ಕೀಲಿನ ಒಳಪೊರೆ ಅದನ್ನು ತಯಾರಿಸುತ್ತಲೇ ಇರುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಚಿ ಬಿಚ್ಚುವಾಗ ಅದು ಸ್ಪಂಜಿನಂತೆ ಒತ್ತಿ ಅರಳಿ, ಆ ದ್ರವದಿಂದಲೇ ಪೋಷಣೆ ಹೀರಿಕೊಳ್ಳುತ್ತದೆ. ಅಂದರೆ ಕೀಲು ಆಡಬೇಕು. ಸೈಕಲ್ಲಿನಲ್ಲಿ ಮೈಭಾರದ ದೊಡ್ಡ ಪಾಲನ್ನು ಸೀಟು ಹೊರುತ್ತದೆ. ಕೃತಕ ಮೊಣಕೀಲಿನೊಳಗೆ ಅಳತೆಯ ಸಾಧನವಿಟ್ಟು ನೋಡಿದಾಗ, ಸಮತಟ್ಟಿನಲ್ಲಿ ನಡೆಯುವಾಗ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲ ಬಿದ್ದರೆ, ಸಾಧಾರಣವಾಗಿ ಸೈಕಲ್ ತುಳಿಯುವಾಗ ಅದು ಒಂದು ಪಟ್ಟಿನ ಆಸುಪಾಸಿನಲ್ಲಿತ್ತು. ಮೆಟ್ಟಿಲು ಹತ್ತುವಾಗ ಇನ್ನೂ ಹೆಚ್ಚು.

2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 2,600ಕ್ಕೂ ಹೆಚ್ಚು ಹಿರಿಯರನ್ನು ನೋಡಿತು. ಬದುಕಿನ ಯಾವುದಾದರೂ ಘಟ್ಟದಲ್ಲಿ ಸೈಕಲ್ ತುಳಿದವರಲ್ಲಿ ಮೊಣಕಾಲು ನೋವು ಶೇ. 17ರಷ್ಟು ಕಡಿಮೆ ಕಂಡುಬಂತು. ಸೈಕಲ್ಲೇ ಇದಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಮೊದಲಿನಿಂದ ಕಾಲು ಗಟ್ಟಿಯಿದ್ದವರೇ ಸೈಕಲ್ ಹಿಡಿದಿರಬಹುದು. ಆದರೆ ಸೈಕಲ್ ಮೊಣಕಾಲನ್ನು ಸವೆಸುತ್ತದೆ ಎಂಬುದು ನಿಜವಾಗಿದ್ದರೆ ಲೆಕ್ಕ ತಿರುಗುಮುರುಗಾಗಿ ಬರಬೇಕಿತ್ತು.

ಹಾಗಾದರೆ ಸೈಕಲ್ ತುಳಿದು ಮೊಣಕಾಲು ನೋಯುವುದೇ ಇಲ್ಲವೇ? ನೋಯುತ್ತದೆ. ವೃತ್ತಿಪರ ಸೈಕ್ಲಿಸ್ಟ್‌ಗಳಿಗೂ ಇದು ಸಾಮಾನ್ಯ ತೊಂದರೆ. ನಮ್ಮ ಕಡೆ ಅದಕ್ಕೆ ಮುಖ್ಯ ಕಾರಣ ತಗ್ಗಾದ ಸೀಟು. ಅಂಗಡಿಯಿಂದ ಬಂದ ಎತ್ತರದಲ್ಲೇ ಸೀಟು ಇರುತ್ತದೆ, ಮಗು ಬೆಳೆಯುತ್ತದೆ, ಸೀಟು ಮೇಲೇರುವುದಿಲ್ಲ. ಮೊಣಕಾಲು ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಪರೀಕ್ಷೆ ಸುಲಭ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ಅಷ್ಟು ಸಾಕು. ಪಾನಾ ಇದ್ದರೆ ಐದು ನಿಮಿಷದ ಕೆಲಸ, ಇಲ್ಲದಿದ್ದರೆ ಪಂಕ್ಚರ್ ಅಂಗಡಿಯವರು ಮಾಡಿಕೊಡುತ್ತಾರೆ. ಕೀಲು ಊದಿದ್ದರೆ, ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ ಅಥವಾ ಪೆಟ್ಟು ಬಿದ್ದ ಮೇಲೆ ನೋವು ಹೋಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ.

ಇನ್ನು ಹುಡುಗಿಯರ ಮಾತು. ಸೈಕಲ್ ತುಳಿಯುವುದರಿಂದ ಮುಟ್ಟಿಗಾಗಲಿ ಗರ್ಭಕೋಶಕ್ಕಾಗಲಿ ಹಾನಿ ಎನ್ನಲು ಆಧಾರವಿಲ್ಲ, ಗರ್ಭಕೋಶ ಸೊಂಟದ ಎಲುಬುಗಳ ನಡುವೆ ಭದ್ರವಾಗಿದೆ. ‘ಕನ್ಯಾಪೊರೆ’ಯ ಹೆದರಿಕೆ ಇನ್ನೊಂದು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಪೊರೆಯ ಆಕಾರ ಒಬ್ಬೊಬ್ಬರಿಗೆ ಒಂದೊಂದು ತರ. ಅದನ್ನು ನೋಡಿ ಹುಡುಗಿಯ ಬಗ್ಗೆ ಏನೂ ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಸ್ಪಷ್ಟಪಡಿಸಿ, ಅಂಥ ಪರೀಕ್ಷೆಯನ್ನೇ ನಿಲ್ಲಿಸಬೇಕೆಂದಿತು. ಸೈಕಲ್ ಮನೆಯಲ್ಲೇ ಉಳಿದರೆ ಆಗುವ ನಷ್ಟಕ್ಕಾದರೋ ಲೆಕ್ಕವಿದೆ. ಬಿಹಾರದಲ್ಲಿ 2006ರಲ್ಲಿ ಹುಡುಗಿಯರಿಗೆ ಸೈಕಲ್ ಕೊಟ್ಟ ಮೇಲೆ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದ್ದಾರೆ. ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಆರಂಭವಾಯಿತು, ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು.

ತಡವಾಗಿ ಶುರು ಮಾಡಿದವರ ಉದಾಹರಣೆ ಬೇಕೆಂದರೆ ನೆದರ್‌ಲ್ಯಾಂಡ್ಸ್‌ವರೆಗೂ ಹೋಗಬೇಕಿಲ್ಲ. ಬೆಂಗಳೂರಿನ ನವೀನ್ ಜಾನ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಸೈಕ್ಲಿಂಗ್ ಹಿಡಿದು, ರಾಷ್ಟ್ರೀಯ ಚಾಂಪಿಯನ್ ಆಗಿ, 2016ರಲ್ಲಿ ಆಸ್ಟ್ರೇಲಿಯಾದ ವೃತ್ತಿಪರ ತಂಡವೊಂದರಲ್ಲಿ ಓಡಿದರು. ವಿಜಯಪುರ, ಬಾಗಲಕೋಟೆ ಕಡೆಯಂತೂ ಜಾತ್ರೆಯಲ್ಲೇ ಸೈಕಲ್ ರೇಸ್ ಇಡುವ ರೂಢಿಯಿದೆ. ಅಲ್ಲಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ.

ಹೆದರಬೇಕಾದದ್ದು ಬೇರೆಯದೇ ಇದೆ, ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಈಗ ಸೈಕಲ್ ದೇಶವೆಂದು ಹೆಸರಾದ ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಚಳವಳಿ ನಡೆಸಿದರು. ಪ್ರತ್ಯೇಕ ಸೈಕಲ್ ದಾರಿಗಳು ವ್ಯಾಪಕವಾಗಿ ಬಂದದ್ದು ಆಮೇಲೆ. ನಮ್ಮಲ್ಲಿ ಶಿಗ್ಗಾಂವಿ, ಬಂಕಾಪುರದ ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಅದನ್ನು ದಾಟಿ ಶಾಲೆಗೆ ಹೋಗುವ ಮಗುವಿಗೆ ಅಪಾಯ ಲಾರಿಯಿಂದ. ಮಗಳಿಗೆ ಸೈಕಲ್ ಕೊಡುವ ಮುನ್ನ ಒಮ್ಮೆ ಅವಳ ಜೊತೆ ಆ ದಾರಿಯಲ್ಲಿ ಹೋಗಿಬನ್ನಿ: ಕೆಳಸೇತುವೆ ಎಲ್ಲಿದೆ, ಸರ್ವಿಸ್ ರಸ್ತೆ ಎಲ್ಲಿ ಮುಗಿಯುತ್ತದೆ, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬೈಕುಗಳು ಎಲ್ಲಿ ನುಗ್ಗುತ್ತವೆ ನೋಡಿ. ಬ್ರೇಕು ಎರಡೂ ಹಿಡಿಯುತ್ತವೆಯೇ, ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ ಪರೀಕ್ಷಿಸಿ. ಶಾಲೆಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಆ ದಾರಿಯಲ್ಲೇ ಸಿಗುತ್ತವೆ.